ಯಂತ್ರಕ್ಕೆ ಬುದ್ಧಿ ಹೇಳುವ ಪಾಠ

ಕಂಪ್ಯೂಟರ್ ಕಲಿಯುವುದು ಎಂದರೇನು? ಈ ಪ್ರಶ್ನೆಗೆ ಪಾಲಕರ ಉತ್ತರ ಒಂದು, ಮಕ್ಕಳ ಉತ್ತರ ಇನ್ನೊಂದು. ಟೈಪು ಮಾಡಲು ಬರಬೇಕು, ಒಂದು ಸರ್ಟಿಫಿಕೇಟು ಕೈಗೆ ಸಿಗಬೇಕು, ಮುಂದೆ ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿಗೆ ದಾರಿಯಾಗಬೇಕು ಎಂಬುದು ಪಾಲಕರ ಲೆಕ್ಕ. ಆಟ ಆಡಬೇಕು, ಚಿತ್ರ ನೋಡಬೇಕು ಎಂಬುದು ಮಕ್ಕಳ ಆಸೆ. ಇವೆರಡರ ನಡುವೆ ನಿಜವಾದ ಪಾಠ ಮೂಲೆಗುಂಪಾಗುತ್ತದೆ. ಆ ಪಾಠವೇ ಪ್ರೋಗ್ರಾಂ ಬರೆಯುವುದು. ತಾನಾಗಿ ಏನೊಂದೂ ತಿಳಿಯದ ಯಂತ್ರಕ್ಕೆ, ಮಾಡಬೇಕಾದ ಕೆಲಸವನ್ನು ಒಂದು ಹಂತವೂ ತಪ್ಪದಂತೆ ಹೇಳಿಕೊಡುವುದು.

ವಿಜಯಪುರ ಸೀಮೆಯ ಮಕ್ಕಳಿಗೆ ಇದು ಹೊರಗಿನ ವಿದ್ಯೆಯೇನಲ್ಲ. ನಗರದಿಂದ ಅಥಣಿ ರಸ್ತೆ ಹಿಡಿದು ಟಿಕೋಟಾ ಕಡೆಗೆ ಹೊರಟರೆ ದ್ರಾಕ್ಷಿ ತೋಟಗಳೂ ಒಣದ್ರಾಕ್ಷಿ ಮಾಡುವ ಶೆಡ್ಡುಗಳೂ ಕಣ್ಣಿಗೆ ಬೀಳುತ್ತವೆ. ಅಲ್ಲಿಯ ತೋಟದ ಮನೆಯ ಹುಡುಗನೊಬ್ಬನಿಗೆ ದ್ರಾಕ್ಷಿ ಒಣಗಲು ಎಷ್ಟು ದಿನ ಬೇಕೆಂದು ಕೇಳಿದರೆ ಅವನು ತಟ್ಟನೆ ಒಂದು ಅಂಕಿ ಹೇಳುವುದಿಲ್ಲ. "ಬಿಸಲು, ಗಾಳಿ ಹ್ಯಾಂಗ ಐತಿ ನೋಡಬೇಕ್ರಿ ಸರ್. ಒಣಗೂತನಕ ಬಿಡಬೇಕ್ರಿ" ಎನ್ನುತ್ತಾನೆ. ಪ್ರೋಗ್ರಾಮಿಂಗಿನ ಬಹುಮುಖ್ಯವಾದ ಒಂದು ಪಾಠ ಈ ಮಾತಿನಲ್ಲೇ ಇದೆ. "ಹದಿನೈದು ದಿನ ಬಿಡು" ಎನ್ನುವುದು ಒಂದು ಬಗೆಯ ಆಜ್ಞೆ. "ಒಣಗುವ ತನಕ ಬಿಡು" ಎನ್ನುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಎಣಿಕೆ ಮುಂಚೆಯೇ ಗೊತ್ತು. ಪ್ರೋಗ್ರಾಮಿನಲ್ಲಿ ಅದಕ್ಕೆ 'ಫಾರ್' ಎನ್ನುತ್ತಾರೆ. ಎರಡನೆಯದರಲ್ಲಿ ಎಣಿಕೆ ಗೊತ್ತಿಲ್ಲ, ಷರತ್ತು ಮಾತ್ರ ಗೊತ್ತು; ಅದು 'ವೈಲ್'.

ಇಲ್ಲೊಂದು ಸೂಕ್ಷ್ಮವಿದೆ. ರೈತ ದಿನಕ್ಕೊಮ್ಮೆ ಶೆಡ್ಡಿಗೆ ಹೋಗಿ ಹಣ್ಣನ್ನು ಬೆರಳಲ್ಲಿ ಒತ್ತಿ ನೋಡುತ್ತಾನೆ. ಹಾಗೆ ನೋಡೆಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ. ಯಂತ್ರಕ್ಕೆ ಹೇಳಬೇಕು. 'ಪ್ರತಿದಿನ ಪರೀಕ್ಷಿಸು' ಎಂಬ ಸಾಲನ್ನು ಬರೆಯದೆ ಹೋದರೆ ದ್ರಾಕ್ಷಿ ಒಣಗಿ ಕಲ್ಲಾದರೂ ಅದು ಕಾಯುತ್ತಲೇ ಇರುತ್ತದೆ. "ಸರ್, ಇದು ನಿಂದರವಲ್ದರಿ!" ಎಂದು ಮಕ್ಕಳು ಕೂಗುವುದು ಇಂಥ ಹೊತ್ತಿನಲ್ಲೇ. ಯಂತ್ರ ಕೆಟ್ಟಿರುವುದಿಲ್ಲ, ಹೇಳಿದ್ದನ್ನಷ್ಟೇ ಮಾಡುತ್ತಿರುತ್ತದೆ.

ಗೋಳಗುಮ್ಮಟವನ್ನು ನೋಡದ ಮಗು ಈ ಊರಿನಲ್ಲಿ ಇರಲಾರದು. ಅಲ್ಲಿಯ ಪಿಸುಮಾತಿನ ಗ್ಯಾಲರಿಯಲ್ಲಿ ಒಮ್ಮೆ ಕೂಗಿದ್ದು ಏಳು ಸಲ ಕೇಳುತ್ತದೆ ಎಂಬ ಮಾತು ಎಲ್ಲರ ಬಾಯಲ್ಲಿದೆ. ತಮ್ಮ ಹೆಸರನ್ನು ಪರದೆಯ ಮೇಲೆ ಏಳು ಸಲ ಮೂಡಿಸುವುದು ಮಕ್ಕಳಿಗೆ ಒಳ್ಳೆಯ ಮೊದಲ ಪ್ರೋಗ್ರಾಂ. ಎರಡೇ ಸಾಲಿನ ಕೆಲಸ. ಆದರೆ ನಿಜವಾದ ಪ್ರತಿಧ್ವನಿ ಎಣಿಸಿಕೊಂಡು ನಿಲ್ಲುವುದಿಲ್ಲ, ಕ್ಷೀಣಿಸುತ್ತ ನಿಲ್ಲುತ್ತದೆ. ಹಾಗಾದರೆ ಪ್ರತಿ ಸಲವೂ ದನಿಯನ್ನು ಅರ್ಧ ಮಾಡುತ್ತ ಹೋಗಿ, ಕೇಳದಷ್ಟು ಸಣ್ಣದಾದಾಗ ನಿಲ್ಲು ಎಂದು ಬರೆಯಬೇಕಲ್ಲವೆ? ಈ ಪ್ರಶ್ನೆ ಮಗುವಿನಿಂದಲೇ ಬಂದ ದಿನ ಪಾಠ ಗೆದ್ದಿತೆಂದು ತಿಳಿಯಬಹುದು.

ಹಂತಹಂತವಾಗಿ ಯೋಚಿಸುವ ಈ ಕ್ರಮ ಕಂಪ್ಯೂಟರಿಗಿಂತ ಬಹಳ ಹಳೆಯದು. 84 ಮತ್ತು 36ರ ಮಹತ್ತಮ ಸಾಮಾನ್ಯ ಅಪವರ್ತನ ಕಂಡುಹಿಡಿಯಲು ದೊಡ್ಡದನ್ನು ಚಿಕ್ಕದರಿಂದ ಭಾಗಿಸು, ಶೇಷ 12. ಈಗ 36ನ್ನು 12ರಿಂದ ಭಾಗಿಸು, ಶೇಷ ಸೊನ್ನೆ. ಉತ್ತರ 12. ಇದು ಎರಡು ಸಾವಿರ ವರ್ಷಕ್ಕೂ ಹಿಂದಿನ ಯೂಕ್ಲಿಡ್‌ನ ವಿಧಾನ. 1150ರಲ್ಲಿ 'ಲೀಲಾವತಿ' ರಚಿಸಿದ ಭಾಸ್ಕರಾಚಾರ್ಯರು ವಿವರಿಸುವ ಕುಟ್ಟಕವೂ ಹೀಗೆಯೇ ಭಾಗಿಸುತ್ತ ಸಾಗುವ ಲೆಕ್ಕ. ಅವರ ಊರು ವಿಜಯಪುರವೇ ಎಂದು ಹಲವರ ನಂಬಿಕೆ; ವಿದ್ವಾಂಸರಲ್ಲಿ ಒಮ್ಮತವಿಲ್ಲ. ಊರು ಯಾವುದೇ ಆಗಲಿ, ವಿಧಾನ ಮಾತ್ರ ಇಂದಿನ ಪ್ರೋಗ್ರಾಮಿನ ಅಣ್ಣ.

ಎಲ್ಲ ವಿದ್ಯಾರ್ಥಿಗಳಿಗೂ ಪ್ರೋಗ್ರಾಮಿಂಗ್ ಎಟುಕಬೇಕೆಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ 1964ರಲ್ಲಿ 'ಬೇಸಿಕ್' ಭಾಷೆಯನ್ನು ರೂಪಿಸಿದರು. ಭಾರತದ ಶಾಲೆಗಳಿಗೆ ಅದು ಬಂದದ್ದು 1984ರ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ, ಬಿಬಿಸಿ ಮೈಕ್ರೋ ಎಂಬ ಪುಟ್ಟ ಯಂತ್ರಗಳ ಜೊತೆಗೆ. ಕರ್ನಾಟಕದಲ್ಲಿ 2001ರ 'ಮಾಹಿತಿ ಸಿಂಧು' ಯೋಜನೆ ಸಾವಿರ ಸರ್ಕಾರಿ ಪ್ರೌಢಶಾಲೆಗಳನ್ನು ಗುರಿಯಾಗಿಟ್ಟುಕೊಂಡಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮಾಧ್ಯಮಿಕ ಹಂತದಿಂದಲೇ ಕೋಡಿಂಗ್ ಕಲಿಸಬೇಕೆನ್ನುತ್ತದೆ. ಯೋಜನೆಗಳು ಬರುತ್ತವೆ, ಅವಧಿ ಮುಗಿದು ಹೋಗುತ್ತವೆ. ಯಂತ್ರಗಳಿಗೂ ವಯಸ್ಸಾಗುತ್ತದೆ. ಉಳಿಯಬೇಕಾದ್ದು ಮಕ್ಕಳ ತಲೆಯಲ್ಲಿ ಕೂತ ಕ್ರಮ.

ಆ ಕ್ರಮ ಕೂರಲು ಮೊದಲು ಬೇಕಾದ್ದು ಕಂಪ್ಯೂಟರಲ್ಲ, ಕಾಗದ, ಪೆನ್ಸಿಲ್ಲು. ಒಂದು ಯಂತ್ರಕ್ಕೆ ನಾಲ್ಕು ಮಕ್ಕಳು, ನಡುವೆ ಕರೆಂಟು ಕೈಕೊಡುವ ಶಾಲೆಯಲ್ಲಿ ಇದು ಅನಿವಾರ್ಯವೂ ಹೌದು, ಒಳ್ಳೆಯದೂ ಹೌದು. ಹಂತಗಳನ್ನು ಕನ್ನಡದಲ್ಲೇ ಬರೆದು, ಒಬ್ಬ ವಿದ್ಯಾರ್ಥಿ ತಾನೇ ಯಂತ್ರವಾಗಿ ನಿಂತು ಒಂದೊಂದೇ ಸಾಲನ್ನು ಪಾಲಿಸಿದರೆ ಅರ್ಧ ತಪ್ಪುಗಳು ಅಲ್ಲೇ ಬಯಲಾಗುತ್ತವೆ. ಆಮೇಲೆ ಯಂತ್ರದ ಮುಂದೆ ಕೂರುವಾಗ ಒಬ್ಬರು ಹೇಳಬೇಕು, ಒಬ್ಬರು ಟೈಪು ಮಾಡಬೇಕು, ಉಳಿದವರು ತಪ್ಪು ಹಿಡಿಯಬೇಕು. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಾಗಬೇಕು. ಹಾಗೆ ಮಾಡದಿದ್ದರೆ ಮೌಸು ಒಬ್ಬ ಚುರುಕು ಹುಡುಗನ ಕೈಯಲ್ಲೇ ವರ್ಷವಿಡೀ ಉಳಿಯುತ್ತದೆ. ಹಿಂದೆ ನಿಂತ ಹುಡುಗಿ ವರ್ಷವಿಡೀ ಅವನ ಬೆನ್ನನ್ನೇ ನೋಡುತ್ತಾಳೆ.

ಇನ್ನು ಇಂಗ್ಲಿಷಿನ ಭಯ. ಈಗ ಹೆಚ್ಚಾಗಿ ಕಲಿಸುವ 'ಪೈಥಾನ್' ಭಾಷೆಯಲ್ಲಿ ಮೀಸಲು ಪದಗಳು ಮೂವತ್ತೈದು. ಹೈಸ್ಕೂಲಿನ ಲೆಕ್ಕಗಳಿಗೆ ಹತ್ತು ಹನ್ನೆರಡು ಸಾಕು. ಸಂಖ್ಯೆಗಳನ್ನು ಹಾಕಿಡುವ ಚರಾಕ್ಷರಗಳಿಗೆ 'ದ್ರಾಕ್ಷಿ', 'ಅಂಕ' ಎಂದು ಕನ್ನಡ ಲಿಪಿಯಲ್ಲೇ ಹೆಸರಿಟ್ಟರೂ ಪೈಥಾನ್ ಒಪ್ಪಿಕೊಳ್ಳುತ್ತದೆ. ಕನ್ನಡ ಮಾಧ್ಯಮದ ಮಗುವನ್ನು ತಡೆಯುವುದು ಭಾಷೆಗಿಂತ ಹೆಚ್ಚಾಗಿ, ಹಲಗೆಯ ಮೇಲಿನ ಪ್ರೋಗ್ರಾಮನ್ನು ಉತ್ತರ ಸಮೇತ ನೋಟುಬುಕ್ಕಿಗೆ ಇಳಿಸಿಕೊಳ್ಳುವ ಅಭ್ಯಾಸ. ಬಾಯಿಪಾಠದ ಪ್ರೋಗ್ರಾಂ ಪರೀಕ್ಷೆಗೆ ಅಂಕ ತಂದೀತು. ಲೆಕ್ಕದಲ್ಲಿ ಒಂದು ಅಂಕಿ ಬದಲಾದರೆ ಕೈಕಟ್ಟಿ ಕೂರಿಸುತ್ತದೆ.

ತಪ್ಪಿನಲ್ಲೂ ಬಗೆಗಳಿವೆ. ಕಾಗುಣಿತದಂಥ ತಪ್ಪನ್ನು ಯಂತ್ರವೇ ತೋರಿಸಿಕೊಡುತ್ತದೆ. ಸೊನ್ನೆಯಿಂದ ಭಾಗಿಸು ಎಂದರೆ ಆಗದೆಂದು ನಿಂತುಬಿಡುತ್ತದೆ. ಯಂತ್ರ ತಕರಾರು ತೆಗೆಯದ ತಪ್ಪೇ ಎಲ್ಲಕ್ಕಿಂತ ಅಪಾಯದ್ದು. ಬಬಲೇಶ್ವರದಿಂದ ಬರುವ ಹುಡುಗಿಯೊಬ್ಬಳಿಗೆ ನಾಲ್ಕು ಕಿರುಪರೀಕ್ಷೆಗಳಲ್ಲಿ 60, 70, 80, 50 ಅಂಕ ಬಂದಿವೆ, ಐದನೆಯದಕ್ಕೆ ಜ್ವರದಿಂದ ಬರಲಾಗಲಿಲ್ಲ ಎಂದಿಟ್ಟುಕೊಳ್ಳಿ. ಒಟ್ಟು 260. ಐದರಿಂದ ಭಾಗಿಸಿದರೆ ಸರಾಸರಿ 52, ನಾಲ್ಕರಿಂದ ಭಾಗಿಸಿದರೆ 65. ಯಂತ್ರ ಎರಡನ್ನೂ ಒಂದೇ ನಿಷ್ಠೆಯಿಂದ ಹೇಳುತ್ತದೆ. ಗೈರುಹಾಜರಿ ಎಂದರೆ ಸೊನ್ನೆಯೇ? ಉತ್ತರಿಸಬೇಕಾದವರು ಮನುಷ್ಯರು. ಎಂಟನೆಯ ತರಗತಿಯ ಮಕ್ಕಳು ಈ ಪ್ರಶ್ನೆಗೆ ಜಗಳವಾಡುವಷ್ಟು ಬಿಸಿಯಾಗಿ ಚರ್ಚಿಸಬಲ್ಲರು. ಹಾಗೆ ಚರ್ಚಿಸಿದವರು, ದೊಡ್ಡವರಾದ ಮೇಲೆ 'ಕಂಪ್ಯೂಟರಿನಲ್ಲಿ ಹಾಗೇ ಬಂದಿದೆ' ಎಂಬ ಉತ್ತರಕ್ಕೆ ಸುಮ್ಮನೆ ತಲೆಬಾಗುವುದಿಲ್ಲ.

"ಈಗ ಕೃತಕ ಬುದ್ಧಿಮತ್ತೆನ ಪ್ರೋಗ್ರಾಂ ಬರದ ಕೊಡ್ತೈತಂತಲ್ರಿ ಮಾಸ್ತರ್ರ, ಇನ್ನ ಹುಡುಗ್ರು ಯಾಕ ಕಲೀಬೇಕು?" ಎಂದು ಕೇಳುವ ಪಾಲಕರಿಗೂ ಉತ್ತರ ಇಲ್ಲೇ ಇದೆ. ಬರೆದುಕೊಡುವುದು ನಿಜ. ಅದು 52 ಎಂದಾಗ 'ಯಾಕೆ 52?' ಎಂದು ಕೇಳುವವರು ಬೇಕು. ಕ್ಯಾಲ್ಕುಲೇಟರು ಬಂದಿತೆಂದು ಅಂಗಡಿಯವನು ಮನಸ್ಸಿನ ಲೆಕ್ಕವನ್ನು ಪೂರ್ತಿ ಬಿಟ್ಟರೆ, ಒಂದು ಸೊನ್ನೆ ಹೆಚ್ಚು ಒತ್ತಿದ ದಿನ ಅವನಿಗೆ ಗೊತ್ತಾಗುವುದೇ ಇಲ್ಲ.

ಆದ್ದರಿಂದ ಪಾಲಕರು ದುಬಾರಿ ಕೋರ್ಸಿಗೆ ಹಣ ಕಟ್ಟುವ ಮೊದಲು, ದ್ರಾಕ್ಷಿಯ ದರ ಬಿದ್ದ ವರ್ಷ ಸಾಲ ಮಾಡಿ ಲ್ಯಾಪ್‌ಟಾಪು ತರುವ ಮೊದಲು, ಒಂದಿಷ್ಟು ಯೋಚಿಸಬೇಕು. ಮೂರು ತಿಂಗಳಲ್ಲಿ ನಿಮ್ಮ ಮಗ ಆ್ಯಪ್ ತಯಾರಿಸುತ್ತಾನೆ ಎಂಬ ಜಾಹೀರಾತಿಗಿಂತ, ಶಾಲೆಯಲ್ಲಿ ವಾರಕ್ಕೆ ಎರಡು ಪಿರಿಯಡ್ಡು ತಪ್ಪದೆ ನಡೆಯುವ ಪಾಠ ದೊಡ್ಡದು. ಅದರಲ್ಲೂ ಹೆಣ್ಣುಮಕ್ಕಳಿಗೆ. ವಿಜಯಪುರದಲ್ಲಿ ಸಂಜೆಯ ಕ್ಲಾಸು ಮುಗಿಯುವಾಗ ಕತ್ತಲಾಗಿರುತ್ತದೆ. ಟಿಕೋಟಾ, ಬಬಲೇಶ್ವರದ ಬಸ್ಸು ಹಿಡಿದು ಮನೆ ಮುಟ್ಟಬೇಕಾದ ಮಗಳನ್ನು ಕಳಿಸಲು ತಾಯಿಗೆ ಧೈರ್ಯ ಬರುವುದಿಲ್ಲ. ಅಣ್ಣ ಹೋಗುತ್ತಾನೆ, ತಂಗಿ ಉಳಿಯುತ್ತಾಳೆ. ಆಕೆಗೆ ಈ ವಿದ್ಯೆ ಸಿಕ್ಕರೆ ಶಾಲೆಯ ಗಂಟೆಯೊಳಗೇ ಸಿಗಬೇಕು. ಕೀಲಿ ಹಾಕಿದ ಕಂಪ್ಯೂಟರ್ ಕೋಣೆಯ ಬಗ್ಗೆ ಶಾಲೆಯ ಸಭೆಯಲ್ಲಿ ಎದ್ದು ಕೇಳುವ ಹಕ್ಕು ಪಾಲಕರಿಗಿದೆ, ಕೇಳಬೇಕು.

ಮನೆಯಲ್ಲಿ ಮಾಡಬಹುದಾದ್ದೂ ಒಂದಿದೆ, ಅದಕ್ಕೆ ಖರ್ಚಿಲ್ಲ. ಮಗ ಅಥವಾ ಮಗಳು ಕಂಪ್ಯೂಟರ್ ಪಾಠ ಮುಗಿಸಿ ಬಂದಾಗ "ಎಷ್ಟು ಕಲಿತಿ?" ಎಂದು ಕೇಳುವ ಬದಲು "ಇವತ್ತ ಏನ ತಪ್ಪಾತು, ಹ್ಯಾಂಗ ಹುಡುಕಿದಿ?" ಎಂದು ಕೇಳಿ ನೋಡಿ. ತಪ್ಪನ್ನು ಮುಚ್ಚಿಡದೆ, ಸಾಲು ಸಾಲಾಗಿ ಬಿಡಿಸಿ ಹೇಳುವ ಮಗು ನಿಮ್ಮ ಮನೆಯಲ್ಲಿದ್ದರೆ ಅದಕ್ಕೆ ಪ್ರೋಗ್ರಾಮಿಂಗ್ ಬಂದಂತೆಯೇ.