ಹತ್ತು ಪೌಂಡಿನ ಕಾಗದದ ಕಟ್ಟು

ಸಾಲ ಕೊಟ್ಟವರು ಅದನ್ನು ಮರಳಿ ಕೇಳಲು ನಾಚಿಕೊಳ್ಳುವುದನ್ನು ಬೇಕಾದಷ್ಟು ಕಂಡಿದ್ದೇನೆ; ತೆಗೆದುಕೊಂಡವರು ನಾಚಿಕೊಂಡದ್ದನ್ನು ಕಂಡದ್ದು ಕಡಿಮೆ. ಹಣದ ಮಾತು ಹೇಗೋ ಹಸ್ತಪ್ರತಿಯ ಮಾತೂ ಹಾಗೆಯೇ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಹನ್ನೊಂದು ಕತೆಗಳನ್ನು ದುಂಡಗೆ ನಕಲು ಮಾಡಿ, ಬಿಳಿಯ ದಾರದಿಂದ ಹೊಲಿದು, ಒಬ್ಬ ಪ್ರಕಾಶಕರ ಕೈಗೆ ಕೊಟ್ಟೆ. ಅವರು ನಾಲ್ಕು ಪುಟ ತಿರುವಿ ನೋಡಿ, “ಚೆನ್ನಾಗಿದೆಯಮ್ಮ, ಯುಗಾದಿಯ ಹೊತ್ತಿಗೆ ತಂದುಬಿಡೋಣ” ಎಂದರು. 500 ರೂಪಾಯಿ ಮುಂಗಡವನ್ನೂ ಕೊಟ್ಟರು. ಯುಗಾದಿ ಬಂತು, ಹೋಯಿತು. ಅವರದೇ ಬೇರೊಂದು ಪುಸ್ತಕದ ಹಿಂಬದಿಯಲ್ಲಿ ನನ್ನ ಸಂಕಲನದ ಹೆಸರು ‘ಅಚ್ಚಿನಲ್ಲಿ’ ಎಂದು ಕಾಣಿಸಿಕೊಂಡಿತು. ಆ ಪುಟವನ್ನು ನೆಂಟರಿಷ್ಟರಿಗೆಲ್ಲ ತೋರಿಸಿದ್ದೂ ಆಯಿತು. ಆಮೇಲೆ ಎಷ್ಟೋ ಯುಗಾದಿಗಳು ಬಂದುಹೋದವು. ಪುಸ್ತಕ ಬರಲಿಲ್ಲ. ನಾನೂ ಕೇಳಲಿಲ್ಲ.

“ಹೋಗಿ ಒಂದು ಮಾತು ಕೇಳಿ ಬರಬಾರದೇನೇ?” ಎಂದು ನಮ್ಮ ಯಜಮಾನರು ಮೊದಮೊದಲು ಹೇಳುತ್ತಿದ್ದರು.

“ಅವರಿಗೇ ನೆನಪಿರುತ್ತೆ ಬಿಡಿ. ನಾನಾಗಿ ಹೋಗಿ ಕೇಳಿದರೆ ಏನು ಚೆನ್ನಾಗಿರುತ್ತೆ?” ಎನ್ನುತ್ತಿದ್ದೆ.

ಇದನ್ನು ನಾನು ಬಹುಕಾಲ ಸೌಜನ್ಯ ಎಂದು ತಿಳಿದಿದ್ದೆ. ಅದು ಸೌಜನ್ಯವಲ್ಲ, ಅಂಜಿಕೆ ಎಂದು ನನಗೆ ತಿಳಿಸಿದವಳು ಇನ್ನೂರು ವರ್ಷಗಳ ಹಿಂದಿನ ಒಬ್ಬ ಇಂಗ್ಲಿಷ್ ಪಾದ್ರಿಯ ಮಗಳು.

ಜೇನ್ ಆಸ್ಟೆನ್‌ಳ ಕಾದಂಬರಿಗಳನ್ನು ನಾನು ಮಕ್ಕಳಿಗೆ ಪಾಠ ಹೇಳಿದವಳು. ಪಾಠ ಹೇಳುವಾಗ ಪ್ರಶ್ನೆಪತ್ರಿಕೆಯ ಕಡೆಗೆ ಕಣ್ಣಿರುತ್ತದೆಯೇ ಹೊರತು ಬರೆದವಳ ಕಡೆಗಲ್ಲ. ನಿವೃತ್ತಿಯಾದ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ, ಆಕೆಯ ಪತ್ರಗಳ ಸಂಪುಟವನ್ನು ಹಿಡಿದೆ. ಟೋಪಿ, ರಿಬ್ಬನ್ನು, ನೃತ್ಯಕೂಟ, ಅಣ್ಣನ ಮಕ್ಕಳ ನೆಗಡಿ, ಹೀಗೆ ಸಾಗುವ ಪತ್ರಗಳ ನಡುವೆ 1809ರ ಏಪ್ರಿಲ್ 5ರಂದು ಬರೆದ ಒಂದು ಪುಟ್ಟ ಕಾಗದ ಸಿಕ್ಕಿತು. ಓದಿದೆ, ಮತ್ತೆ ಓದಿದೆ. ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಅದರ ಹಿನ್ನೆಲೆ ಇಷ್ಟು. 1803ರಲ್ಲಿ, ಆಕೆಗೆ ಇಪ್ಪತ್ತೇಳು ವರ್ಷವಾಗಿದ್ದಾಗ, ‘ಸೂಸನ್’ ಎಂಬ ಕಾದಂಬರಿಯ ಹಸ್ತಪ್ರತಿಯನ್ನು ಲಂಡನ್ನಿನ ಕ್ರಾಸ್ಬಿ ಎಂಬ ಪುಸ್ತಕ ವ್ಯಾಪಾರಿಗೆ 10 ಪೌಂಡಿಗೆ ಮಾರಲಾಗಿತ್ತು. ವ್ಯವಹಾರ ನಡೆಸಿದ್ದು ಆಕೆಯಲ್ಲ; ಅಣ್ಣ ಹೆನ್ರಿಯ ಕಡೆಯ ವಕೀಲರು. ಕ್ರಾಸ್ಬಿ ಪುಸ್ತಕ ಬರುತ್ತದೆ ಎಂದು ಜಾಹೀರಾತನ್ನೂ ಕೊಟ್ಟ. ಪುಸ್ತಕ ಮಾತ್ರ ಬರಲಿಲ್ಲ. ನಡುವೆ 1805ರಲ್ಲಿ ತಂದೆ ತೀರಿಕೊಂಡರು. ತಾಯಿ, ಅಕ್ಕ, ಈಕೆ ಮೂವರೂ ಅಣ್ಣತಮ್ಮಂದಿರ ನೆರವಿನಲ್ಲಿ ಮನೆಯಿಂದ ಮನೆಗೆ ಬದಲಾಯಿಸುತ್ತ ಸೌತಾಂಪ್ಟನ್ನಿಗೆ ಬಂದು ನೆಲಸಿದರು.

ಆರು ವರ್ಷ ಕಾದ ಮೇಲೆ ಆಕೆ ತಾನೇ ಕಾಗದ ಬರೆದಳು. ಹಸ್ತಪ್ರತಿ ಕಳೆದುಹೋಗಿದ್ದರೆ ಇನ್ನೊಂದು ಪ್ರತಿ ಕಳಿಸಿಕೊಡುತ್ತೇನೆ, ಆದರೆ ತಡಮಾಡದೆ ಪ್ರಕಟಿಸಬೇಕು. ಉತ್ತರ ಬರದಿದ್ದರೆ ಬೇರೆ ಕಡೆ ಅಚ್ಚು ಹಾಕಿಸಲು ನಾನು ಸ್ವತಂತ್ರಳು ಎಂಬುದು ಅದರ ಸಾರಾಂಶ. ಕೆಳಗೆ ತನ್ನ ನಿಜವಾದ ಹೆಸರಿಲ್ಲ. ಮಿಸೆಸ್ ಆಷ್ಟನ್ ಡೆನಿಸ್ ಎಂಬ ಸುಳ್ಳು ಹೆಸರು, ಸಹಿ ‘ಎಂ.ಎ.ಡಿ.’ ಎಂದು. ಕೂಡಿಸಿ ಓದಿದರೆ ಇಂಗ್ಲಿಷಿನಲ್ಲಿ ‘ಮ್ಯಾಡ್’. ಹುಚ್ಚಿ ಎಂದಾದರೂ ಅನ್ನಿ, ಸಿಟ್ಟಾಗಿದ್ದೇನೆ ಎಂದಾದರೂ ಅನ್ನಿ. ಹೆಸರು ಮರೆಸಿಕೊಂಡರೂ ಸಿಟ್ಟನ್ನು ಮರೆಸಿಕೊಳ್ಳಲಿಲ್ಲ.

ಕ್ರಾಸ್ಬಿಯ ಉತ್ತರ ಮೂರೇ ದಿನದಲ್ಲಿ ಬಂತು. ಆರು ವರ್ಷ ಮಲಗಿದ್ದ ಅಂಗಡಿ ಮೂರು ದಿನದಲ್ಲಿ ಎದ್ದು ಕೂತಿತು! ಇಂಥ ದಿನ ಪ್ರಕಟಿಸುತ್ತೇವೆಂದು ನಾವು ಕರಾರು ಮಾಡಿಲ್ಲ; ಬೇರೆ ಯಾರಾದರೂ ಅಚ್ಚು ಹಾಕಿದರೆ ಮಾರಾಟ ತಡೆಯುತ್ತೇವೆ; ಬೇಕಿದ್ದರೆ ನಾವು ಕೊಟ್ಟ ಬೆಲೆಯನ್ನೇ ಕೊಟ್ಟು ಬಿಡಿಸಿಕೊಳ್ಳಬಹುದು. ಅಂದರೆ ಅದೇ ಹತ್ತು ಪೌಂಡು. ಆಕೆ ಆಗ ಬಿಡಿಸಿಕೊಳ್ಳಲಿಲ್ಲ.

ಕ್ರಾಸ್ಬಿ ಕೆಟ್ಟವನೆಂದು ಹೇಳಿ ಮುಗಿಸಿಬಿಡಬಹುದು. ಆದರೆ ಆ ಕಾಲದ ವ್ಯಾಪಾರದ ರೀತಿಯೇ ಹಾಗಿತ್ತು. ಪುಸ್ತಕ ಮಾರುವವನೇ ಪ್ರಕಾಶಕನೂ ಆಗಿದ್ದ ಕಾಲ. 1710ರಲ್ಲಿ ಜಾರಿಗೆ ಬಂದ ಶಾಸನ ಹೊಸ ಪುಸ್ತಕದ ಗ್ರಂಥಸ್ವಾಮ್ಯವನ್ನು 14 ವರ್ಷ ಬರೆದವರಿಗೇ ಕೊಟ್ಟಿತ್ತು. ಅವರು ಬದುಕಿದ್ದರೆ ಮತ್ತೆ 14 ವರ್ಷ. ಆದರೆ ಕೈಯಲ್ಲಿ ಕಾಸಿಲ್ಲದವರು ಸ್ವಾಮ್ಯವನ್ನು ಇಟ್ಟುಕೊಂಡು ಏನು ಮಾಡಬೇಕು? ಒಂದೇ ಗಂಟಿಗೆ ಮಾರಿ ಕೈ ತೊಳೆದುಕೊಳ್ಳುತ್ತಿದ್ದರು. ಫ್ಯಾನಿ ಬರ್ನಿ ತನ್ನ ‘ಎವೆಲಿನಾ’ ಕಾದಂಬರಿಯನ್ನು ಮಾರಿದ್ದು 20 ಗಿನಿಗೆ. ಆಕೆ ತಂದೆಯ ಗ್ರಂಥಗಳನ್ನು ನಕಲು ಮಾಡಿಕೊಡುತ್ತಿದ್ದವಳು. ಅಚ್ಚುಕೂಟದವರು ತನ್ನ ಅಕ್ಷರವನ್ನು ಗುರುತು ಹಿಡಿದಾರೆಂದು ಇಡೀ ಕಾದಂಬರಿಯನ್ನು ಬೇರೆ ಬರವಣಿಗೆಯಲ್ಲಿ ಬರೆದಳು. ಪ್ರಕಾಶಕನ ಬಳಿಗೆ ತಮ್ಮನನ್ನು ವೇಷ ಮರೆಸಿ ಕಳಿಸಿದಳು. 1778ರಲ್ಲಿ ಹೊರಬಂದ ಪುಸ್ತಕ ಮರುವರ್ಷ ಮುಗಿಯುವುದರೊಳಗೆ ನಾಲ್ಕನೆಯ ಮುದ್ರಣ ಕಂಡಿತು. ಈ ಅನುಭವದಿಂದ ಬುದ್ಧಿ ಕಲಿತ ಬರ್ನಿ 1796ರಲ್ಲಿ ‘ಕಮಿಲಾ’ವನ್ನು ಮೊದಲೇ ಚಂದಾ ಎತ್ತಿ ಪ್ರಕಟಿಸಿದಳು. ಆ ಚಂದಾದಾರರ ಪಟ್ಟಿಯಲ್ಲಿ ‘ಸ್ಟೀವೆಂಟನ್ನಿನ ಮಿಸ್ ಜೆ. ಆಸ್ಟೆನ್’ ಎಂಬ ಹೆಸರಿದೆ. ಇಪ್ಪತ್ತರ ಹುಡುಗಿ! ಮುಂದೆ ತನ್ನ ಯಾವ ಕಾದಂಬರಿಯ ಮುಖಪತ್ರದಲ್ಲಿಯೂ ಹೆಸರು ಹಾಕಿಸಿಕೊಳ್ಳದೆ ಹೋದವಳ ಹೆಸರು ಆ ದಿನ ಓದುಗಳಾಗಿ ಅಚ್ಚಾಯಿತು.

ಮದುವೆಯಾದವರ ಪಾಡು ಇನ್ನೂ ಬೇರೆ. ಹೆಂಡತಿಯ ಸಂಪಾದನೆ ಕಾನೂನಿನಂತೆ ಗಂಡನದು. ಷಾರ್ಲಟ್ ಸ್ಮಿತ್ ಎಂಬಾಕೆಯ ಗಂಡ ಸಾಲಕ್ಕಾಗಿ ಸೆರೆಮನೆ ಸೇರಿದ. 1784ರಲ್ಲಿ ಆಕೆ ತನ್ನ ಕವಿತೆಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದಳು. ಆಮೇಲೆ ಗಂಡನನ್ನು ಬಿಟ್ಟು ಬಂದು, ಕಾದಂಬರಿಯ ಮೇಲೆ ಕಾದಂಬರಿ ಬರೆದು ಮಕ್ಕಳನ್ನು ಸಾಕಿದಳು. ಬಿಟ್ಟು ಬಂದ ಗಂಡನಿಗೂ ಆ ಹಣದ ಮೇಲೆ ಹಕ್ಕು ತಪ್ಪಿರಲಿಲ್ಲ. ಹೆಂಡತಿ ದುಡಿದದ್ದು ಹೆಂಡತಿಗೇ ಎಂದು ಇಂಗ್ಲೆಂಡಿನ ಕಾನೂನು ಒಪ್ಪಿದ್ದು 1870ರಲ್ಲಿ. ಪೂರ್ತಿಯಾಗಿ ಒಪ್ಪಿದ್ದು 1882ರಲ್ಲಿ.

ಮದುವೆಯಾಗದೆ ಉಳಿದ ಜೇನ್‌ಳಿಗೆ ಆ ಒಂದು ತೊಡಕಿರಲಿಲ್ಲ. 1811ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಎಗರ್ಟನ್ ಎಂಬ ಪ್ರಕಾಶಕನಿಂದ ಹೊರಬಂತು. ಬರೆದವರು ‘ಒಬ್ಬ ಮಹಿಳೆ’ ಎಂದಷ್ಟೇ ಅದರಲ್ಲಿತ್ತು. ಲಾಭ ನಷ್ಟ ಎರಡೂ ಆಕೆಯದೇ ಎಂಬ ಕರಾರು. ನಷ್ಟವಾದೀತೆಂದು ಒಂದಷ್ಟು ಹಣವನ್ನು ಎತ್ತಿಟ್ಟಿದ್ದಳಂತೆ. ಬಂದದ್ದು 140 ಪೌಂಡು ಲಾಭ. ಮುಂದಿನ ಪುಸ್ತಕವೇ ‘ಪ್ರೈಡ್ ಅಂಡ್ ಪ್ರೆಜುಡೀಸ್’. ಅದಕ್ಕೆ 150 ಪೌಂಡು ಕೇಳಿ 110ಕ್ಕೆ ಒಪ್ಪಿದಳು. ಸ್ವಾಮ್ಯ ಪೂರ್ತಿ ಮಾರಿದ್ದರಿಂದ ಎರಡನೆಯ ಮುದ್ರಣದ ಲಾಭವೆಲ್ಲ ಎಗರ್ಟನ್ನಿನದಾಯಿತು. 1815ರಲ್ಲಿ ಹೆಸರಾಂತ ಪ್ರಕಾಶಕ ಜಾನ್ ಮರೆ ಮೂರು ಪುಸ್ತಕಗಳ ಸ್ವಾಮ್ಯಕ್ಕೆ 450 ಪೌಂಡು ಕೊಡುತ್ತೇನೆಂದಾಗ, ಇವನು ಠಕ್ಕ, ಆದರೆ ಮರ್ಯಾದಸ್ಥ ಠಕ್ಕ ಎಂಬ ಅರ್ಥದಲ್ಲಿ ಅಕ್ಕನಿಗೆ ಬರೆದು, ಸ್ವಾಮ್ಯವನ್ನು ಕೊಡದೆ ಉಳಿಸಿಕೊಂಡಳು. ಆ ತೀರ್ಮಾನದಿಂದ ಆಕೆಗೆ ಕೊನೆಗೆ ಹಣ ಹೆಚ್ಚು ಬರಲಿಲ್ಲ ಎಂಬುದೂ ನಿಜ. ಬದುಕಿದ್ದಾಗ ಬರವಣಿಗೆಯಿಂದ ಆಕೆಗೆ ಬಂದ ಒಟ್ಟು ಹಣ 600 ಪೌಂಡಿಗಿಂತ ಸ್ವಲ್ಪ ಹೆಚ್ಚು. ನಷ್ಟ ಬಂದರೂ ಅದು ತಾನೇ ಯೋಚಿಸಿ ಮಾಡಿದ ವ್ಯಾಪಾರದ ನಷ್ಟ. ಮೊದಲಿನ ಹತ್ತು ಪೌಂಡಿನ ಹಾಗೆ ಬೇರೆಯವರು ಕುದುರಿಸಿದ್ದಲ್ಲ.

ಆ ಹತ್ತು ಪೌಂಡು ಮಾತ್ರ ಆಕೆಯ ಮನಸ್ಸಿನಿಂದ ಹೋಗಿರಲಿಲ್ಲ. 1816ರಲ್ಲಿ ಅಣ್ಣ ಹೆನ್ರಿ ಕ್ರಾಸ್ಬಿಯ ಬಳಿ ಹೋಗಿ ಅಷ್ಟೇ ಹಣ ಕೊಟ್ಟು ಕಟ್ಟನ್ನು ಬಿಡಿಸಿ ತಂದ. ಹಣ ಸಂದಾಯವಾಗಿ ಕಟ್ಟು ಕೈಗೆ ಬಂದ ಮೇಲೆ, ಇದು ‘ಪ್ರೈಡ್ ಅಂಡ್ ಪ್ರೆಜುಡೀಸ್’ ಬರೆದವಳದು ಎಂದು ತಿಳಿಸಿದನೆಂದು ಆಕೆಯ ಸೋದರಳಿಯ ಬರೆದಿಟ್ಟಿದ್ದಾನೆ. ಆಗಿನ ಅಂಗಡಿಯವನ ಮುಖವನ್ನು ಓದುಗರೇ ಊಹಿಸಿಕೊಳ್ಳಬೇಕು. ಆಕೆ ಆ ಕಾದಂಬರಿಯನ್ನು ತಿದ್ದಿ ಒಂದು ಪುಟ್ಟ ಮುನ್ನುಡಿ ಬರೆದಳು. ಪ್ರಕಟಿಸಲು ತಕ್ಕುದಲ್ಲವೆಂದು ಕಂಡದ್ದನ್ನು ಹಣ ಕೊಟ್ಟು ಕೊಳ್ಳುವುದೇಕೆ ಎಂದು ಅದರಲ್ಲಿ ಅಚ್ಚರಿಪಟ್ಟಳು. 1817ರ ಜುಲೈ 18ರಂದು, ನಲವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅದೇ ಡಿಸೆಂಬರಿನಲ್ಲಿ ಆ ಕಾದಂಬರಿ ‘ನಾರ್ತ್ಯಾಂಗರ್ ಆಬೆ’ ಎಂಬ ಹೆಸರಿನಲ್ಲಿ ಹೊರಬಂತು. ಅದರ ಮೊದಲಿಗೆ ಅಣ್ಣ ಬರೆದ ಪರಿಚಯದಲ್ಲಿ, ಈ ಪುಸ್ತಕಗಳನ್ನು ಬರೆದವಳು ಜೇನ್ ಆಸ್ಟೆನ್ ಎಂದು ಮೊದಲ ಬಾರಿಗೆ ಅಚ್ಚಾಯಿತು. ಅದನ್ನು ನೋಡಲು ಆಕೆ ಇರಲಿಲ್ಲ.

ಇಷ್ಟನ್ನು ಓದಿದ ಮೇಲೆ ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ಕಾನೂನಿನ ಬಲವಿಲ್ಲದೆ, ತನ್ನ ಹೆಸರನ್ನೂ ಹೇಳಿಕೊಳ್ಳಲಾರದೆ ಆಕೆ ಆರು ವರ್ಷಕ್ಕೆ ಕೇಳಿದಳು. ಅಂಥ ಯಾವ ಅಡ್ಡಿಯೂ ಇಲ್ಲದ ನಾನು ಮೂವತ್ತು ವರ್ಷ ಸುಮ್ಮನಿದ್ದೆ. ಬರೆಯಲು ಬೇಕಾದ ಧೈರ್ಯ ಒಂದು; ಬರೆದದ್ದನ್ನು ನನ್ನದು ಎಂದು ಕೇಳಲು ಬೇಕಾದ ಧೈರ್ಯ ಇನ್ನೊಂದು. ಮೊದಲನೆಯದು ಇದ್ದವರಿಗೆಲ್ಲ ಎರಡನೆಯದು ಇರುತ್ತದೆಂದು ಹೇಳುವಂತಿಲ್ಲ.

ಕಳೆದ ತಿಂಗಳು ನಾನೂ ಒಂದು ಕಾಗದ ಬರೆದೆ. ಸುಳ್ಳು ಹೆಸರಿನ ಅವಶ್ಯಕತೆ ನನಗಿರಲಿಲ್ಲ. ತಂದೆಯವರು ಇಟ್ಟ ಹೆಸರನ್ನೇ ಪೂರ್ತಿಯಾಗಿ ಬರೆದು ಸಹಿ ಮಾಡಿದೆ. ಯಜಮಾನರು ಒಂದಕ್ಷರವನ್ನೂ ಆಡದೆ ಅಂಚೆಗೆ ಹಾಕಿ ಬಂದರು. ಹತ್ತು ದಿನಕ್ಕೆ ಉತ್ತರ ಬಂತು. ಆ ಪ್ರಕಾಶಕರು ಈಗಿಲ್ಲ. ಅವರ ಮಗ ಬರೆದಿದ್ದರು. ಅಂಗಡಿ ಎರಡು ಸಲ ಜಾಗ ಬದಲಾಯಿಸಿದೆಯಂತೆ, ಹಳೆಯ ಕಾಗದಗಳೆಲ್ಲ ಹೋಗಿವೆಯಂತೆ, ಎಷ್ಟು ಹುಡುಕಿದರೂ ಕಟ್ಟು ಸಿಗಲಿಲ್ಲವಂತೆ. ಮುಂಗಡದ 500 ರೂಪಾಯಿಯನ್ನು ತಾವು ಹಿಂದಿರುಗಿಸಬೇಕಾಗಿಲ್ಲ ಎಂದೂ ದೊಡ್ಡ ಮನಸ್ಸು ಮಾಡಿದ್ದರು.

ಜೇನ್‌ಳ ಬಳಿ ಇನ್ನೊಂದು ಪ್ರತಿ ಇತ್ತು. ನನ್ನ ಬಳಿ ಇಲ್ಲ. ದುಂಡಗೆ ನಕಲು ಮಾಡಿ ಮುಗಿಸಿದ ಮೇಲೆ ಕರಡನ್ನು ಒಲೆಗೆ ಹಾಕಿದ್ದೆ. ಪುಸ್ತಕವೇ ಬರುವಾಗ ಕರಡು ಯಾತಕ್ಕೆ ಎಂದು!

ಹನ್ನೊಂದರಲ್ಲಿ ಮೂರು ಕತೆಗಳು ಹೆಚ್ಚುಕಡಿಮೆ ನೆನಪಿವೆ. ಮೊದಲನೆಯದನ್ನು ನಿನ್ನೆ ಬರೆಯಲು ಕುಳಿತೆ. ಹಳೆಯ ವಾಕ್ಯಗಳು ಬರಲಿಲ್ಲ. ಬೇರೆ ವಾಕ್ಯಗಳು ಬಂದವು. ಯಜಮಾನರು ಪೇಟೆಯಿಂದ ಬರುವಾಗ ಒಂದು ದಸ್ತು ಕಾಗದ ತಂದು ಮೇಜಿನ ಮೇಲಿಟ್ಟು, “ಈ ಸಲ ಎರಡು ಪ್ರತಿ ಮಾಡು” ಎಂದರು.