ಆಕಾಶವಾಣಿ ಟ್ಯೂನ್ ಮಾಡಿದ್ದು ಯಾರು ಗೊತ್ತಾ?

ನಮ್ಮನೆ ಹಳೇ ಸಾಮಾನು – ಭಾಗ 6

ಫೋಟೋದಲ್ಲಿರೋದು ತಾತನ ರೇಡಿಯೋ. ಪಕ್ಕದಲ್ಲಿ ಕಾಣ್ತಿರೋದು ಅಟ್ಟಕ್ಕೆ ಹತ್ತೋ ಏಣಿ, ಮೇಲೆ ಈ ವರ್ಷದ ಕಾಯಿ ಕೊಬ್ಬರಿ ಆಗ್ತಾ ಕೂತಿದೆ. ಆದ್ರೆ ಇವತ್ತಿನ ಕತೆ ರೇಡಿಯೋದಲ್ಲ. ಬೆಳಗ್ಗೆ ಆಕಾಶವಾಣಿ ಪ್ರಸಾರ ಶುರುವಾಗೋ ಮುಂಚೆ ತಂಬೂರಿ ಶ್ರುತಿ ಮೇಲೆ ಪಿಟೀಲು ಬರುತ್ತಲ್ಲ, ಆ ಟ್ಯೂನಿನ ಕತೆ. ನಿಮ್ಮ ಅಪ್ಪ ಅಮ್ಮನ್ನ ಕೇಳಿ, ತಕ್ಷಣ ಗುನುಗ್ತಾರೆ. ಮಾಡಿದ್ದು ಯಾರು ಅಂತ ಕೇಳಿದ್ರೆ ಮಾತ್ರ ಸುಮ್ಮನಾಗ್ತಾರೆ.

ಅದು ವಾಲ್ಟರ್ ಕೌಫ್‌ಮನ್ ಅವರದ್ದು ಅಂತ ಹೇಳೋದು ರೂಢಿ. 1907ರಲ್ಲಿ ಕಾರ್ಲ್ಸ್‌ಬಾದ್‌ನಲ್ಲಿ ಹುಟ್ಟಿದವರು. ಆ ಊರು ಆಗ ಆಸ್ಟ್ರಿಯಾ-ಹಂಗೇರಿಗೆ ಸೇರಿತ್ತು, ಈಗ ಜೆಕ್ ದೇಶದಲ್ಲಿದೆ. ಮನೆಮಾತು ಜರ್ಮನ್, ಯೆಹೂದಿ ಕುಟುಂಬ. ಬರ್ಲಿನ್‌ನಲ್ಲಿ ಸಂಗೀತ ಸಂಯೋಜನೆ ಕಲಿತ್ರು, ಕುರ್ಟ್ ಸಾಕ್ಸ್ ಹತ್ರ ಸಂಗೀತಶಾಸ್ತ್ರ ಓದಿದ್ರು. ಆಮೇಲೆ ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್‌ಗೆ ಪ್ರಬಂಧ ಬರೆದ್ರು. ತಮ್ಮ ಗೈಡ್ ನಾಜಿಗಳ ಕಡೆಯವರು ಅಂತ ಗೊತ್ತಾದಾಗ ಡಿಗ್ರಿನೇ ಬೇಡ ಅಂದುಬಿಟ್ರು. ಹತ್ತು ಇಂಟರ್ನಲ್ ಮಾರ್ಕ್ಸ್‌ಗೆ ನಾವು ಎಷ್ಟು ಸಲ ಹಲ್ಲು ಕಿರೀತೀವಿ, ಯೋಚನೆ ಮಾಡಿ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. 1934ರ ಫೆಬ್ರವರಿಯಲ್ಲಿ ಕೌಫ್‌ಮನ್ ಬಾಂಬೆಗೆ ಬಂದಿಳಿದ್ರು. ವೀಸಾ ಸುಲಭವಾಗಿ ಸಿಕ್ಕಿದ್ದು ಇಲ್ಲಿಗೇ. ಇಲ್ಲಿನ ಸಂಗೀತದ ರೆಕಾರ್ಡ್ ಮೊದಲು ಕೇಳಿದಾಗ ಅವರಿಗೆ ತಲೆಬುಡ ಅರ್ಥ ಆಗಿರಲಿಲ್ಲ. ಆದ್ರೆ ಅವರು ಯೋಚಿಸಿದ ರೀತಿ ನನಗೆ ತುಂಬಾ ಇಷ್ಟ ಆಯ್ತು: ಲಕ್ಷಾಂತರ ಜನ ಇದನ್ನ ಪ್ರೀತಿಸ್ತಾರೆ ಅಂದ್ಮೇಲೆ ಕೊರತೆ ಸಂಗೀತದಲ್ಲಿಲ್ಲ, ನನ್ನ ಕಿವೀಲಿದೆ, ಅದು ಹುಟ್ಟಿದ ಜಾಗಕ್ಕೇ ಹೋಗಿ ಕಲೀಬೇಕು ಅಂತ. ನಾವಾದ್ರೆ ಮೂರು ಸೆಕೆಂಡಿಗೆ ಸ್ಕ್ರೋಲ್ ಮಾಡಿರ್ತಿದ್ವಿ.

ಬಾಂಬೆಯಲ್ಲಿ ಚೇಂಬರ್ ಮ್ಯೂಸಿಕ್ ಸೊಸೈಟಿ ಕಟ್ಟಿದ್ರು, ಸಿನಿಮಾಗೆ ಸಂಗೀತ ಕೊಟ್ರು, ರೇಡಿಯೋದ ಬಾಂಬೆ ನಿಲಯದಲ್ಲಿ 1937ರಿಂದ 1946ರವರೆಗೆ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಂಡ್ರು. ಆ ಟ್ಯೂನ್ 1936ರದ್ದು. ಶಿವರಂಜಿನಿ ರಾಗದ ಛಾಯೆ ಇದೆ ಅಂತಾರೆ. ಪಿಟೀಲು ನುಡಿಸಿದವರು ಮೆಹ್ಲಿ ಮೆಹ್ತಾ ಅಂತಾರೆ, ಅಂದ್ರೆ ಜುಬಿನ್ ಮೆಹ್ತಾ ಅವರ ಅಪ್ಪ.

ಇನ್ನು ‘ಆಕಾಶವಾಣಿ’ ಅನ್ನೋ ಹೆಸರು? ಅದು ನಮ್ಮ ಮೈಸೂರಿಂದು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೇಲೇ ನಿಲಯ ಶುರು ಮಾಡಿದ್ರು. ಹೆಸರು ಸೂಚಿಸಿದ್ದು ನಾ. ಕಸ್ತೂರಿ ಅಂತ ಹೇಳ್ತಾರೆ. 1950ರ ದಶಕದಲ್ಲಿ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯ್ತು. ಮಾರ್ಕೆಟಿಂಗ್ ಪೇಪರ್‌ನಲ್ಲಿ ಬ್ರ್ಯಾಂಡ್ ನೇಮ್, ಬ್ರ್ಯಾಂಡ್ ಸೌಂಡ್ ಅಂತ ಓದ್ತೀವಲ್ಲ, ಇಲ್ಲಿ ಹೆಸರು ಮೈಸೂರು ಮೇಷ್ಟ್ರುಗಳದ್ದು, ಸೌಂಡು ಊರು ಬಿಟ್ಟು ಬಂದವನದ್ದು.

ಅವರ ಹೆಂಡತಿ ಗೆರ್ಟಿ, ಲೇಖಕ ಕಾಫ್ಕಾನ ತಂಗಿ ಮಗಳು. ಕಾಫ್ಕಾನ ಮೂವರು ತಂಗಿಯರನ್ನೂ ನಾಜಿಗಳು ಬಲಿ ತಗೊಂಡ್ರು. ಇಲ್ಲಿಗೆ ಬಂದಿದ್ದಕ್ಕೆ ಇವರ ಜೀವ ಉಳೀತು.

1946ರಲ್ಲಿ ಕೌಫ್‌ಮನ್ ಇಂಗ್ಲೆಂಡಿಗೆ ಹೋದ್ರು, ಆಮೇಲೆ ಕೆನಡಾದಲ್ಲಿ ವಿನ್ನಿಪೆಗ್ ಆರ್ಕೆಸ್ಟ್ರಾ ನಡೆಸಿದ್ರು, ಕೊನೆಗೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದ್ರು. ಆದ್ರೆ ನಮ್ಮ ರಾಗಗಳನ್ನ ಬಿಡಲಿಲ್ಲ. ಉತ್ತರದ ರಾಗಗಳ ಬಗ್ಗೆ 1968ರಲ್ಲಿ, ದಕ್ಷಿಣದ ರಾಗಗಳ ಬಗ್ಗೆ 1976ರಲ್ಲಿ ದಪ್ಪ ದಪ್ಪ ಪುಸ್ತಕ ತಂದ್ರು. 1984ರಲ್ಲಿ ತೀರಿಕೊಂಡ್ರು. ಬಾಂಬೆಗೆ ಬಂದು ಅಷ್ಟೊತ್ತಿಗೆ ಐವತ್ತು ವರ್ಷ. ಕಾಯಿ ಉಂಡೆ ಕೊಬ್ಬರಿ ಆಗೋಕೆ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕಾಯೋ ಊರು ನಮ್ಮದು, ಈ ತಾಳ್ಮೆ ನಮಗೆ ಅರ್ಥ ಆಗಬೇಕು.

ಇದನ್ನ ಯಾಕೆ ಬರೆದೆ ಅಂದ್ರೆ, ನಮ್ಮ ಬೀದೀಲಿ ಮನೆ ಕಟ್ಟೋಕೆ ಬಿಹಾರದ ಹುಡುಗರು ಬಂದಿದ್ದಾರೆ. ಸಾಯಂಕಾಲ ಮೊಬೈಲಲ್ಲಿ ಅವರೂರ ಹಾಡು ಹಾಕ್ತಾರೆ. ನಮ್ಮ ಗ್ಯಾಂಗಿನವನೊಬ್ಬ ಅದನ್ನ ಅಣಕಿಸಿ ರೀಲ್ಸ್ ಮಾಡೋಣ ಅಂದ. ಜಗಲೀಲಿ ಕೂತಿದ್ದ ತಾತ, ‘ಅವ್ರಿಗೂ ಊರು ನೆನಪಾಗುತ್ತೆ ಕಣ್ರೋ, ಬಿಡ್ರಪ್ಪ’ ಅಂದ್ರು. ರೀಲ್ಸ್ ಅಲ್ಲಿಗೇ ನಿಂತ್ಹೋಯ್ತು.

ಡಿಗ್ರಿ ಮುಗಿದ್ಮೇಲೆ ನಮ್ಮಲ್ಲೂ ಅರ್ಧ ಜನ ಬೆಂಗಳೂರಿಗೋ ಪುಣೆಗೋ ಹೋಗೋರೇ. ಅಲ್ಲಿ ನಮ್ಮ ಭಾಷೆ, ನಮ್ಮ ಹಾಡು ಕೇಳಿ ಯಾರಾದ್ರೂ ನಗಬಹುದು. ಯಾರಾದ್ರೂ ಒಬ್ರು ಕೌಫ್‌ಮನ್ ಥರ, ‘ಇದರಲ್ಲಿ ಏನೋ ಇರಬೇಕು, ಕೂತು ಕೇಳೋಣ’ ಅನ್ನಲಿ ಅಂತ ಆಸೆ. ನಮ್ಮೂರಿಗೆ ಬಂದವರಿಗೂ ನಾವು ಅಷ್ಟು ಮಾಡಬಹುದು ಅಲ್ವಾ?

ನಿಮ್ಮ ಬೀದೀಲಿ ಅರ್ಥ ಆಗದಿದ್ರೂ ಇಷ್ಟ ಆದ ಹಾಡು ಯಾವುದು? ಕಾಮೆಂಟಲ್ಲಿ ಹೇಳಿ. ಮುಂದಿನ ಭಾಗ: ಅಜ್ಜಿಯ ಈಳಿಗೆ ಮಣೆ.

#ನಮ್ಮನೆಹಳೇಸಾಮಾನು #ತುರುವೇಕೆರೆ #ಆಕಾಶವಾಣಿ