ಉಂಡೆ ಒಡೆದದ್ದು ಯಾರಿಂದ?

ಕೈಮ ಉಂಡೆ ಸಾರಿನಲ್ಲಿ ಉಂಡೆ ಒಡೆದರೆ ಮೊದಲು ಅನುಮಾನಿಸಬೇಕಾದದ್ದು ನೀರನ್ನು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗುವ ಹೊತ್ತಿಗೆ ಇನ್ನೊಬ್ಬರ ಮೇಲೆ ಗೂಬೆ ಕೂರಿಸಿ ಆಗಿತ್ತು.

ನಮ್ಮದು ಗಾಜನೂರು. ಅಣ್ಣಾವ್ರ ಗಾಜನೂರಲ್ಲ, ಅದು ತಾಳವಾಡಿ ಕಡೆಯದು. ಇದು ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸಿಗುವ, ತುಂಗಾ ಅಣೆಕಟ್ಟಿನ ಗಾಜನೂರು. ನೆಂಟರು ಬಂದರೆ ಬೆಳಿಗ್ಗೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ, ಆಮೇಲೆ ಡ್ಯಾಮು, ರಾತ್ರಿ ಬಾಡೂಟ. ಆ ಭಾನುವಾರ ಭದ್ರಾವತಿಯಿಂದ ಅಕ್ಕ, ಭಾವ, ಮಕ್ಕಳು ಬಂದಿದ್ದರು. ಅಮ್ಮ ಕಡುಬಿಗೆ ಅಕ್ಕಿತರಿ ತಿರುವುತ್ತಿದ್ದರು. ಸಾರು ನನ್ನದು, ಯಾರೂ ಒಲೆ ಹತ್ತಿರ ಬರಬೇಡಿ ಎಂದು ಜಂಬದಿಂದ ಹೇಳಿದೆ.

ಅಂಗಡಿಯಿಂದ ತಂದ ಕೈಮವನ್ನು ಪಾತ್ರೆಗೆ ಹಾಕಿ ಚೆನ್ನಾಗಿ ತೊಳೆದೆ. ಕಾಯಿತುರಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಈರುಳ್ಳಿ ಸೇರಿಸಿ ಮಿಕ್ಸಿಗೆ ಹಾಕಿದರೆ ಬ್ಲೇಡು ತಿರುಗಲಿಲ್ಲ. ಅದಕ್ಕೂ ನೀರು ಸುರಿದೆ. ಹುರಿಗಡಲೆ ಪುಡಿ ಕಡಿಮೆಯಿತ್ತು, ಸಾಕು ಅನ್ನಿಸಿತು. ನಿಂಬೆಗಾತ್ರದ ಉಂಡೆಗಳನ್ನು ಕೊತಕೊತ ಕುದಿಯುವ ಮಸಾಲೆಗೆ ಒಟ್ಟಿಗೇ ಬಿಟ್ಟೆ. ಕೆಳಗೆ ಹಿಡಿದೀತೆಂದು ಸೌಟು ಹಾಕಿ ತಿರುವಿದೆ. ಮೊದಲು ಒಂದರ ಅಂಚು ಸಡಿಲಿತು, ಅದರ ಹಿಂದೆ ಉಳಿದವೂ ಕರಗಿದವು. ಸಾರು ರವೆಗಂಜಿಯ ಹಾಗೆ ಮಂದವಾಯಿತು.

"ಉಂಡೆ ಎಲ್ಲೋ ಮಾರಾಯ?" ಭಾವ ಸೌಟಿನಲ್ಲಿ ಹುಡುಕುತ್ತಾ ಕೇಳಿದರು.

"ಅಂಗಡಿಯವನು ಕೈಮಕ್ಕೆ ನೀರು ಬೆರೆಸಿ ತೂಗಿದ್ದಾನೆ, ಭಾವ." ಹೇಳಲು ಒಂದು ಕ್ಷಣವೂ ಹಿಡಿಯಲಿಲ್ಲ. ಅಮ್ಮ ನನ್ನ ಮುಖ ನೋಡಿ, "ರುಚಿಯೇನೂ ಕೆಟ್ಟಿಲ್ಲ" ಎಂದು ಎಲ್ಲರಿಗೂ ಇನ್ನೊಂದೊಂದು ಕಡುಬು ಬಡಿಸಿದರು.

ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ವಾರ ಅಂಗಡಿಗೆ ಹೋಗಿ ದಬಾಯಿಸಿದೆ. ಆತ ಕತ್ತಿ ಕೆಳಗಿಟ್ಟು, "ಮನೇಲಿ ತೊಳೆದ್ರಾ ಸಾರ್?" ಎಂದ. ಹೂಂ ಎಂದೆ. "ಕೊಚ್ಚಿದ ಮೇಲೆ ತೊಳೀಬಾರ್ದು. ಹೇಳಿದ್ರೆ ತುಂಡನ್ನೇ ತೊಳೆದು, ನೀರು ಬಸಿದು, ಆಮೇಲೆ ಕೊಚ್ಚಿ ಕೊಡ್ತಿದ್ದೆ." ಹಿಂದೆ ನಿಂತಿದ್ದ ಗಿರಾಕಿಗಳು ನಕ್ಕರು.

ಲೆಕ್ಕ ಸರಳ. ಮಾಂಸಕ್ಕೆ ಉಪ್ಪು ಹಾಕಿ ನಾದಿದಾಗ ಅದರ ಪ್ರೋಟೀನು ಅಂಟಾಗುತ್ತದೆ, ಬಿಸಿ ತಾಗಿದಾಗ ಗಟ್ಟಿಯಾಗಿ ಉಂಡೆಯನ್ನು ಹಿಡಿಯುತ್ತದೆ. ನೀರು ಹೆಚ್ಚಾದರೆ ಆ ಹಿಡಿತ ಸಡಿಲ. ಮಿಕ್ಕ ಪಸೆಯನ್ನು ಹೀರಲೆಂದೇ ಹುರಿಗಡಲೆ. ಅಮೆರಿಕದಲ್ಲಿ, 19ನೇ ಶತಮಾನದ ವೈದ್ಯ ಜೇಮ್ಸ್ ಸಾಲಿಸ್‌ಬರಿಯ ಹೆಸರು ಹೊತ್ತ ಅಡುಗೆಯಲ್ಲಿ, ದನದ ಕೈಮವನ್ನು ತಟ್ಟಿ, ಬಾಣಲೆಯಲ್ಲಿ ಎರಡೂ ಕಡೆ ಕೆಂಪಗೆ ಬೇಯಿಸಿದ ಮೇಲೆ ಗ್ರೇವಿಗೆ ಬಿಡುತ್ತಾರೆ. ನಮ್ಮ ಉಂಡೆ ಹಸಿಯಾಗಿಯೇ ಸಾರಿಗೆ ಇಳಿಯಬೇಕು. ಹಾಗಾಗಿ ಉರಿ ಸಣ್ಣದಿರಬೇಕು. ಮೊದಲು ಒಂದೇ ಉಂಡೆ ಬಿಟ್ಟು ನೋಡಬೇಕು. ಅದು ನಿಂತರೆ ಉಳಿದವನ್ನು ಅಂಚಿನಿಂದ ಬಿಡಬೇಕು, ಗಟ್ಟಿಯಾಗುವ ತನಕ ಸೌಟು ತಾಗಿಸದೆ ಪಾತ್ರೆಯನ್ನೇ ಹಿಡಿದು ಅಲುಗಿಸಬೇಕು.

ಅಡುಗೆಯನ್ನು ಹೀಗೆ ತಿದ್ದಿಕೊಂಡೆ. ಒಂದು ಉಂಡೆ ಬಿಟ್ಟು ನೋಡುವಷ್ಟು ತಾಳ್ಮೆಯನ್ನು ಬಾಯಿ ಬಿಡುವ ಮೊದಲೂ ತೋರಿಸಬೇಕಿತ್ತು. ಭಾವನಿಗೆ ಫೋನ್ ಮಾಡಿ ತಪ್ಪು ನನ್ನದೇ ಎಂದೆ. "ಅಯ್ಯೋ, ನಾನು ಆಗಲೇ ನಾಲ್ಕು ಜನಕ್ಕೆ ಹೇಳಿಬಿಟ್ಟೆನಲ್ಲ" ಎಂದರು. ಅವರಲ್ಲಿ ಇಬ್ಬರು ನನಗೂ ಗುರುತು. ಅವರಿಗೆ ನಾನೇ ನಿಜ ತಿಳಿಸಿದೆ. ಉಳಿದವರ ಪಾಲಿಗೆ ಆ ಅಂಗಡಿಯಾತ ಇವತ್ತಿಗೂ ನೀರು ಬೆರೆಸುವವನೇ.